ಎಡ ಭುಜದ ಹಿಂದಿನ ಹಿಡಿಕೆ: ಮನೆಯಲ್ಲಿ ಕಟ್ಟಿದ ಒಂದು ವಿಮಾನದ ಪ್ರಕರಣ

ಹಳೇ ಮೋಟಾರ್ ಬೈಕ್ ಓಡಿಸಿದವರ ಕೈಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ರಸ್ತೆ ಮಧ್ಯೆ ಗಾಡಿ ಮುಕ್ಕರಿಸಿ ಎಳೆಯುವುದನ್ನು ನಿಲ್ಲಿಸಿದ ಕೂಡಲೇ ಎಡಗೈ ತಾನಾಗಿ ಟ್ಯಾಂಕಿನ ಕೆಳಕ್ಕೆ ಇಳಿದು, ಪೆಟ್ರೋಲ್ ಕಾಕನ್ನು ತಡಕಿ ರಿಸರ್ವ್‌ಗೆ ತಿರುಗಿಸುತ್ತದೆ. ಕಣ್ಣು ರಸ್ತೆಯ ಮೇಲೇ ಇರುತ್ತದೆ. ಬಲಗೈ ಹ್ಯಾಂಡಲ್ ಬಿಡುವುದಿಲ್ಲ. ಎರಡು ಮೂರು ಕ್ಷಣದಲ್ಲಿ ಎಂಜಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಹಿಂದೆ ಕೂತವರಿಗೆ ಏನಾಯಿತೆಂದೂ ಗೊತ್ತಾಗುವುದಿಲ್ಲ.

ಕಾಕ್ ಮೊಣಕಾಲಿನ ಪಕ್ಕದಲ್ಲೇ ಇರುವುದರಿಂದ ಇದೆಲ್ಲ ಆಗುತ್ತದೆ. ಅದನ್ನು ಓಡಿಸುವವನ ಬೆನ್ನ ಹಿಂದೆ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಒಮ್ಮೆ ಯೋಚಿಸಿ. ಈ ಪ್ರಕರಣದ ತಿರುಳು ಅದೇ.

ಮನೆಯಲ್ಲಿ ಕಟ್ಟಿದ ಒಂದು ವಿಮಾನ ಸಮುದ್ರಕ್ಕೆ ಬಿದ್ದ ಈ ಘಟನೆ ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ, 1997ರ ಅಕ್ಟೋಬರ್‌ನಲ್ಲಿ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, ಇದರ ತನಿಖೆ ನಡೆಸಿ 1999ರಲ್ಲಿ ವರದಿ ಕೊಟ್ಟಿತು. ವರದಿ ಎಲ್ಲರಿಗೂ ಓದಲು ಸಿಗುತ್ತದೆ. ಆದರೂ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ವಿಮಾನ ಕಟ್ಟಿದವರನ್ನು ‘ಕಟ್ಟಿದವರು’ ಎಂದೂ, ಕೊನೆಯ ಮಾಲೀಕರನ್ನು ‘ಪೈಲಟ್’ ಎಂದೂ, ಹ್ಯಾಂಗರಿನಲ್ಲಿ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ, ನೆರವಾದವರನ್ನು ‘ಮೆಕ್ಯಾನಿಕ್’ ಎಂದೂ ಕರೆಯುತ್ತೇನೆ. ಪೈಲಟ್ ತಮ್ಮ ಕ್ಷೇತ್ರದಲ್ಲಿ ಬಹಳ ಹೆಸರು ಮಾಡಿದವರು. ಅವರ ಹೆಸರು ಬಂದೊಡನೆ ಮಾತು ಅವರ ಬದುಕಿನತ್ತ ಹೊರಳಿಬಿಡುತ್ತದೆ, ವಿಮಾನ ಮರೆಗೆ ಸರಿಯುತ್ತದೆ. ನನಗೆ ಬೇಕಾಗಿರುವುದು ವಿಮಾನ, ಅದರಲ್ಲೂ ಅದರೊಳಗಿನ ಒಂದು ಹಿಡಿಕೆ.

ವಿಮಾನ ಎಂಥದ್ದು

ಲಾಂಗ್-ಈಝಿ ಎಂಬುದು ಬರ್ಟ್ ರುಟಾನ್ ವಿನ್ಯಾಸ ಮಾಡಿದ ಎರಡು ಸೀಟಿನ ಪುಟ್ಟ ವಿಮಾನ. ಮೊದಲು ಹಾರಿದ್ದು 1979ರಲ್ಲಿ. ನೋಡಿದವರಿಗೆ ಹಿಂದುಮುಂದಾಗಿ ಜೋಡಿಸಿದ ಹಾಗೆ ಕಾಣುತ್ತದೆ: ಪುಟ್ಟ ರೆಕ್ಕೆ ಮೂಗಿನ ಹತ್ತಿರ, ದೊಡ್ಡ ರೆಕ್ಕೆ ಹಿಂದೆ, ಎಂಜಿನ್ ಮತ್ತು ಪ್ರೊಪೆಲರ್ ಎಲ್ಲಕ್ಕಿಂತ ಹಿಂದೆ. ಮುಂದಿನ ರೆಕ್ಕೆಯನ್ನು ಕೆನಾರ್ಡ್ ಎನ್ನುತ್ತಾರೆ. ವೇಗ ತೀರಾ ಇಳಿದಾಗ ಕೆನಾರ್ಡ್ ಮೊದಲು ಎತ್ತುವ ಬಲ ಕಳೆದುಕೊಂಡು ಮೂಗು ತಾನೇ ಸ್ವಲ್ಪ ಬಾಗುತ್ತದೆ, ಹಿಂದಿನ ದೊಡ್ಡ ರೆಕ್ಕೆ ಗಾಳಿಯ ಹಿಡಿತ ಬಿಡುವುದಿಲ್ಲ. ಸಣ್ಣ ವಿಮಾನಗಳ ಪೈಲಟ್‌ಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಸ್ಟಾಲ್ ಎಂಬ ಅಪಾಯವನ್ನು ವಿನ್ಯಾಸದಲ್ಲೇ ಪಳಗಿಸಿದ್ದ ವಿಮಾನ ಇದು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ರುಟಾನ್ ಅವರ ಸಂಸ್ಥೆ ಸಿದ್ಧ ವಿಮಾನ ಮಾರುತ್ತಿರಲಿಲ್ಲ, ನಕ್ಷೆ ಮಾರುತ್ತಿತ್ತು. ನಕ್ಷೆ ಕೊಂಡವರು ಮನೆಯ ಗ್ಯಾರೇಜಿನಲ್ಲಿ ಫೋಮ್, ಗಾಜಿನೆಳೆಯ ಬಟ್ಟೆ, ಎಪಾಕ್ಸಿ ರಾಳ ಇಷ್ಟರಿಂದಲೇ ವಿಮಾನದ ಮೈ ಕಟ್ಟಬೇಕು. ರೆಕ್ಕೆ ಮಾಡುವ ಬಗೆ ಕೇಳಿದರೆ ಅದರ ಚೆಂದ ತಿಳಿಯುತ್ತದೆ. ಥರ್ಮೋಕೋಲಿನ ಜಾತಿಯದೇ ಆದ ಗಟ್ಟಿ ಫೋಮಿನ ದಿಮ್ಮಿಯ ಎರಡೂ ತುದಿಗೆ ರೆಕ್ಕೆಯ ಅಡ್ಡಕೊಯ್ತದ ಆಕಾರದ ಪ್ಲೈವುಡ್ ಅಚ್ಚು ಬಡಿಯುತ್ತಾರೆ. ಅಚ್ಚಿನ ಅಂಚಿನುದ್ದಕ್ಕೂ ಅಂಕಿ ಬರೆದಿರುತ್ತದೆ. ಕಾಯಿಸಿದ ತಂತಿಯ ಒಂದೊಂದು ತುದಿ ಹಿಡಿದು ಇಬ್ಬರು ನಿಲ್ಲುತ್ತಾರೆ. ಒಬ್ಬರು ‘ಹತ್ತು... ಹನ್ನೊಂದು... ಹನ್ನೆರಡು...’ ಎಂದು ಗಟ್ಟಿಯಾಗಿ ಹೇಳುತ್ತಾ ಹೋದ ಹಾಗೆ ಇನ್ನೊಬ್ಬರೂ ಅದೇ ಅಂಕಿಗೆ ತಂತಿ ತರಬೇಕು. ಒಬ್ಬರು ಮುಂದೆ ಹೋಗಿ ಇನ್ನೊಬ್ಬರು ಹಿಂದುಳಿದರೆ ರೆಕ್ಕೆಯ ಆಕಾರ ಕೆಡುತ್ತದೆ. ಗಂಡ ಹೆಂಡತಿ, ಅಪ್ಪ ಮಗಳು, ನೆರೆಹೊರೆಯವರು ಹೀಗೆ ದನಿಗೂಡಿಸಿ ರೆಕ್ಕೆ ಕೊಯ್ದು, ಮೇಲೆ ಬಟ್ಟೆ ಹಾಸಿ, ರಾಳ ತೀಡಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಬೆಂಗಳೂರಿಗೂ ಈ ವಿಮಾನದ ನಂಟಿದೆ. ಅಲ್ಲಿನ ವಿಮಾನ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್ 1980ರ ದಶಕದಲ್ಲಿ ಲಾಂಗ್-ಈಝಿಯನ್ನೇ ಆಧಾರ ಮಾಡಿಕೊಂಡು ‘ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್’ ಕಟ್ಟಿತು, ಅದು 1987ರಲ್ಲಿ ಹಾರಿತು. ಅದರ ನಂತರ 1993ರಲ್ಲಿ ಎನ್‌ಎಎಲ್‌ನದೇ ಕಾಂಪೊಸಿಟ್ (ಎಳೆ ಮತ್ತು ರಾಳದಿಂದ ಕಟ್ಟಿದ) ವಿಮಾನ ‘ಹಂಸ’ ಮೇಲೇರಿತು. ಹಾಗಾಗಿ ಇದು ನಮಗೆ ತೀರಾ ದೂರದ ಕತೆಯಲ್ಲ.

ಅಮೆರಿಕದಲ್ಲಿ ಇಂಥ ವಿಮಾನಗಳು ‘ಪ್ರಾಯೋಗಿಕ, ಹವ್ಯಾಸಿ ನಿರ್ಮಿತ’ ಎಂಬ ವರ್ಗಕ್ಕೆ ಬರುತ್ತವೆ. ಕೆಲಸದ ಅರ್ಧಕ್ಕಿಂತ ಹೆಚ್ಚನ್ನು ಹವ್ಯಾಸಿಗಳೇ ಮಾಡಿರಬೇಕು, ಕಲಿಕೆ ಮತ್ತು ಸಂತೋಷಕ್ಕಾಗಿ ಮಾಡಿರಬೇಕು. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಅಧಿಕಾರಿ ಅಥವಾ ಅವರ ಪ್ರತಿನಿಧಿ ಬಂದು ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಆ ಮೇಲೆ ನಿಗದಿತ ಪ್ರದೇಶದಲ್ಲಿ, ಸಾಮಾನ್ಯವಾಗಿ 25 ಅಥವಾ 40 ಗಂಟೆ, ಪರೀಕ್ಷಾ ಹಾರಾಟ ಮುಗಿಸಬೇಕು. ಆದರೆ ನಕ್ಷೆಯಲ್ಲಿ ಇದ್ದಂತೆಯೇ ಕಟ್ಟಬೇಕೆಂಬ ಕಟ್ಟಳೆ ಇಲ್ಲ. ವಿಮಾನ ಕಟ್ಟುವವರು ಪ್ರೀತಿಸುವುದು ಈ ಸ್ವಾತಂತ್ರ್ಯವನ್ನೇ. ನಾನೂ ಅದನ್ನು ಪ್ರೀತಿಸುತ್ತೇನೆ. ಈ ಪ್ರಕರಣ ಓದಿ ಅದನ್ನು ಕಿತ್ತುಕೊಳ್ಳಬೇಕೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಜಾಗ ಬದಲಾದ ಹಿಡಿಕೆ

ಲಾಂಗ್-ಈಝಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಇಂಧನ ಟ್ಯಾಂಕ್. ಒಂದು ಹೊತ್ತಿಗೆ ಒಂದೇ ಟ್ಯಾಂಕಿನಿಂದ ಎಂಜಿನ್ ಕುಡಿಯುತ್ತದೆ. ಯಾವುದರಿಂದ ಎಂದು ಪೈಲಟ್ ಒಂದು ಹಿಡಿಕೆ ತಿರುಗಿಸಿ ಆರಿಸಬೇಕು. ಬೈಕಿನ ಪೆಟ್ರೋಲ್ ಕಾಕಿನ ಅಣ್ಣನೆಂದೇ ಇಟ್ಟುಕೊಳ್ಳಿ. ನಕ್ಷೆಯಲ್ಲಿ ರುಟಾನ್ ಈ ಕಾಕನ್ನು ಪೈಲಟ್‌ನ ಎರಡು ಕಾಲುಗಳ ನಡುವೆ ಇಟ್ಟಿದ್ದರು. ಕೈ ಚಾಚಿದರೆ ಸಿಗುತ್ತದೆ, ಬಗ್ಗಿ ನೋಡಿದರೆ ಕಾಣುತ್ತದೆ.

ಈ ವಿಮಾನ ಕಟ್ಟಿದವರಿಗೆ ಅಲ್ಲೊಂದು ತೊಂದರೆ ಕಂಡಿತು. ಕಾಕ್ ಕಾಲುಗಳ ನಡುವೆ ಇರಬೇಕಾದರೆ ಟ್ಯಾಂಕಿನಿಂದ ಇಂಧನದ ಕೊಳವೆಗಳು ಪೈಲಟ್ ಕೂರುವ ಜಾಗದೊಳಕ್ಕೇ ಬರಬೇಕು, ಅಲ್ಲಿಂದ ಮತ್ತೆ ಹಿಂದಿನ ಎಂಜಿನ್‌ವರೆಗೆ ಹೋಗಬೇಕು. ಕೂರುವ ಜಾಗದಲ್ಲಿ ಪೆಟ್ರೋಲ್ ಇರುವುದು ಅವರಿಗೆ ಬೇಡವಾಗಿತ್ತು. ಕೊಳವೆ ಸೋರಿದರೆ, ವಿಮಾನ ನೆಲಕ್ಕೆ ಬಡಿದಾಗ ಒಡೆದರೆ, ಬೆಂಕಿ ಪೈಲಟ್‌ನ ಮಡಿಲಲ್ಲೇ. ಹಾಗಾಗಿ ಕಾಕನ್ನೇ ಹಿಂದಕ್ಕೆ, ಎಂಜಿನ್ ಕಡೆಗೆ ಒಯ್ದರು. ಅದನ್ನು ತಿರುಗಿಸಲು ಒಂದು ಉದ್ದನೆಯ ಸರಳು ಜೋಡಿಸಿ, ಅದರ ತುದಿಯ ಹಿಡಿಕೆಯನ್ನು ಪೈಲಟ್‌ನ ಎಡ ಭುಜದ ಹಿಂದೆ ಹೊರಡಿಸಿದರು.

ಮೊದಲ ನಿರ್ಧಾರ ಇದು. ಇದನ್ನು ಮೂರ್ಖತನ ಎಂದು ತಳ್ಳಿಹಾಕಿದರೆ ಈ ಪ್ರಕರಣದಿಂದ ಯಾರೂ ಏನೂ ಕಲಿಯುವುದಿಲ್ಲ. ಕಟ್ಟಿದವರ ಭಯ ನಿಜವಾದ ಭಯ, ಸಣ್ಣ ವಿಮಾನಗಳ ಅಪಘಾತದಲ್ಲಿ ಬೆಂಕಿಗೆ ಸಿಕ್ಕಿ ಸತ್ತವರಿದ್ದಾರೆ. ಅವರು ಸುರಕ್ಷತೆಗಾಗಿಯೇ ಮಾರ್ಪಾಡು ಮಾಡಿದರು. ಆದರೆ ಒಂದು ಅಪಾಯವನ್ನು ಎವೆಯಿಕ್ಕದೆ ನೋಡುವಾಗ ಪಕ್ಕದಲ್ಲಿ ನಿಂತ ಇನ್ನೊಂದು ಕಾಣಲಿಲ್ಲ. ಕೊಳವೆಯ ದಾರಿಯನ್ನು ಸುರಕ್ಷಿತ ಮಾಡುವ ಭರದಲ್ಲಿ ಕೈಯ ದಾರಿ ಲೆಕ್ಕದಿಂದ ಬಿಟ್ಟುಹೋಯಿತು.

ಇನ್ನೂ ಎರಡು ಸಂಗತಿ ಇದ್ದವು. ಹಿಡಿಕೆಯ ಬಳಿ ಯಾವ ಗುರುತೂ ಇರಲಿಲ್ಲ. ಎಡ ಟ್ಯಾಂಕ್ ಎತ್ತ, ಬಲ ಟ್ಯಾಂಕ್ ಎತ್ತ, ಬಂದ್ ಎತ್ತ ಎಂದು ಬರೆದಿರಲಿಲ್ಲ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ತೋರಿಸುವ ಗಾಜಿನ ಮೇಲೂ ಅಳತೆಯ ಗೆರೆ ಇರಲಿಲ್ಲ. ಕಟ್ಟಿದವರಿಗೆ ಗುರುತು ಬೇಕಿರಲಿಲ್ಲ ನೋಡಿ, ಅವರೇ ಜೋಡಿಸಿದ್ದು. ಯಾವ ಡಬ್ಬದಲ್ಲಿ ಉಪ್ಪು, ಯಾವುದರಲ್ಲಿ ಸಕ್ಕರೆ ಎಂದು ಅಮ್ಮನಿಗೆ ಚೀಟಿ ಅಂಟಿಸದೆಯೂ ಗೊತ್ತಿರುತ್ತದೆ. ಹೊಸದಾಗಿ ಆ ಅಡುಗೆಮನೆಗೆ ಬಂದವರಿಗೆ ಗೊತ್ತಿರುವುದಿಲ್ಲ.

ಎರಡನೆಯದು ಎಂಜಿನ್. ವಿನ್ಯಾಸದಲ್ಲಿ ಹೇಳಿದ್ದು ಲೈಕಮಿಂಗ್ ಓ-235. ಈ ವಿಮಾನದಲ್ಲಿದ್ದದ್ದು 150 ಅಶ್ವಶಕ್ತಿಯ ಓ-320. ಅನೇಕರು ಈ ಬದಲಾವಣೆ ಮಾಡಿಕೊಂಡಿದ್ದಾರೆ, ಅಪಘಾತಕ್ಕೆ ಇದು ಕಾರಣವೂ ಅಲ್ಲ. ಆದರೆ ದೊಡ್ಡ ಎಂಜಿನ್ ಹೆಚ್ಚು ಕುಡಿಯುತ್ತದೆ, ಟ್ಯಾಂಕ್ ಬೇಗ ಬರಿದಾಗುತ್ತದೆ, ಅಂದರೆ ಆ ಹಿಡಿಕೆಯ ಹತ್ತಿರ ಕೈ ಹೋಗಬೇಕಾದ ಗಳಿಗೆಯೂ ಬೇಗ ಬರುತ್ತದೆ. ಮಾರ್ಪಾಡುಗಳನ್ನು ನಾವು ಒಂದೊಂದಾಗಿ ಯೋಚಿಸಿ ಮಾಡುತ್ತೇವೆ. ಆಕಾಶದಲ್ಲಿ ಅವು ಒಟ್ಟಿಗೇ ಕೆಲಸ ಮಾಡುತ್ತವೆ.

ಹೊಸ ಮಾಲೀಕರು

ಕಟ್ಟಿ ಸುಮಾರು ಹತ್ತು ವರ್ಷವಾದ ಮೇಲೆ, ನಡುವೆ ಇನ್ನೊಬ್ಬರ ಕೈ ದಾಟಿ, ವಿಮಾನ ಈ ಪೈಲಟ್‌ಗೆ ಬಂತು. ಅವರು ಹೊಸಬರಲ್ಲ. ಒಟ್ಟು 2,700 ಗಂಟೆಗೂ ಹೆಚ್ಚು ಹಾರಿದ್ದವರು. ಬೇರೆ ಬೇರೆ ವಿಮಾನಗಳ ಪರವಾನಗಿ ಇತ್ತು, ಹಾರುವುದೆಂದರೆ ಪ್ರಾಣ. ಲಾಂಗ್-ಈಝಿಯಲ್ಲಿ ಮಾತ್ರ ಅವರ ಅನುಭವ ತೀರಾ ಕಡಿಮೆ. ಅಪಘಾತದ ಹಿಂದಿನ ದಿನ ಸುಮಾರು ಅರ್ಧ ಗಂಟೆ ಒಬ್ಬರ ಜೊತೆ ಹಾರಿ ಪರಿಚಯ ಮಾಡಿಕೊಂಡರು. ರಡ್ಡರ್ ಪೆಡಲ್‌ಗಳು (ವಿಮಾನದ ಮೂಗನ್ನು ಎಡಬಲಕ್ಕೆ ಹೊರಳಿಸುವ ಪೆಡಲ್) ಕಾಲಿಗೆ ಎಟುಕಲೆಂದು ಬೆನ್ನ ಹಿಂದೆ ದಿಂಬು ಇಟ್ಟುಕೊಳ್ಳಬೇಕಾಯಿತು. ಆ ಮೇಲೆ ತಾವೇ ಹಾರಿಸಿಕೊಂಡು ತಮ್ಮ ವಿಮಾನ ನಿಲ್ದಾಣಕ್ಕೆ ಬಂದರು.

ಮರುದಿನ ಸಂಜೆ ಹ್ಯಾಂಗರಿನ ಹತ್ತಿರ ನಡೆದ ಮಾತುಕತೆಯೇ ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು. ವರದಿಯ ಆ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ. ಪೈಲಟ್ ಮತ್ತು ಮೆಕ್ಯಾನಿಕ್ ಇಬ್ಬರೂ ಹಿಡಿಕೆಯ ತೊಂದರೆಯನ್ನು ಗುರುತಿಸಿದ್ದರು. ಅದು ಕೈಗೆ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ಬಿಗಿಯಾಗಿದೆ. ಹಾಗಾಗಿ ಕಚ್ಚಿ ನಿಲ್ಲುವಂಥ ಒಂದು ಇಕ್ಕಳವನ್ನು ಹಿಡಿಕೆಗೆ ಸಿಕ್ಕಿಸಿ ಉದ್ದ ಮಾಡಿ ನೋಡಿದರು. ಪ್ರಯೋಜನವಾಗಲಿಲ್ಲ. ಇಂಧನದ ಗಾಜು ಹಿಂದಿನ ಸೀಟಿನ ಕಡೆ ಇತ್ತು, ಮುಂದೆ ಕೂತವರಿಗೆ ಕಾಣುತ್ತಿರಲಿಲ್ಲ. ಅದಕ್ಕೆ ಮೆಕ್ಯಾನಿಕ್ ಒಂದು ಪುಟ್ಟ ಕನ್ನಡಿ ಕೊಟ್ಟರು, ಭುಜದ ಮೇಲಿಂದ ಹಿಡಿದು ನೋಡಿಕೊಳ್ಳಲಿ ಎಂದು. ಇನ್ನು ಟ್ಯಾಂಕ್ ಬದಲಿಸುವಾಗ? ಆಟೋಪೈಲಟ್ ಹಾಕಿ ವಿಮಾನವನ್ನು ಸಮನಾಗಿ ನಿಲ್ಲಿಸಿಕೊಂಡು ತಿರುಗಿಸುತ್ತೇನೆ ಎಂದರು ಪೈಲಟ್.

ದಿಂಬು, ಇಕ್ಕಳ, ಕನ್ನಡಿ, ಆಟೋಪೈಲಟ್. ಒಂದೇ ಸೀಟಿನ ಸುತ್ತ ನಾಲ್ಕು ತೇಪೆ. ಒಂದೊಂದನ್ನೇ ನೋಡಿದರೆ ತೀರಾ ಸಹಜ. ಗಾಡಿ, ಪಂಪ್‌ಸೆಟ್, ಹೊಲಿಗೆ ಯಂತ್ರ ಇಟ್ಟುಕೊಂಡವರೆಲ್ಲ ಹೀಗೇ ಮಾಡುತ್ತೇವೆ, ಸದ್ಯಕ್ಕೆ ಕೆಲಸ ನಡೆಯಲಿ ಅನ್ನುತ್ತೇವೆ. ಆದರೆ ಹಾರಾಟದ ಮಧ್ಯೆ ಮುಟ್ಟಲೇಬೇಕಾದ ಹಿಡಿಕೆಗೆ ಇಕ್ಕಳ ಬೇಕಾಯಿತು ಎಂದ ಗಳಿಗೆಯಲ್ಲೇ ‘ಇವತ್ತು ಹಾರುವುದು ಬೇಡ, ಮೊದಲು ಇದನ್ನು ಸರಿ ಮಾಡೋಣ’ ಎಂದು ನಿಲ್ಲಿಸಬೇಕಿತ್ತು. ನನ್ನ ಪ್ರಕಾರ ಪ್ರಕರಣದ ನಿಜವಾದ ತಿರುವು ಇಲ್ಲಿದೆ. ಆಕಾಶದಲ್ಲಿ ನಡೆದದ್ದು ಆ ಮೇಲಿನ ಮಾತು. ತೊಂದರೆ ಗೊತ್ತಾಗಿತ್ತು, ಇಬ್ಬರು ಅನುಭವಿಗಳಿಗೆ ಗೊತ್ತಾಗಿತ್ತು, ವಿಮಾನ ಇನ್ನೂ ನೆಲದ ಮೇಲಿತ್ತು.

ಇಂಧನದ ವಿಷಯವೂ ಅಲ್ಲೇ ಬಂತು. ಮೆಕ್ಯಾನಿಕ್ ಗಾಜು ನೋಡಿ, ಒಂದು ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ, ಇನ್ನೊಂದರಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇದೆ ಎಂದರು. ಗೆರೆಯಿಲ್ಲದ ಗಾಜು ಅದು. ಟ್ಯಾಂಕಿನ ಆಕಾರ ಚೌಕ ಡಬ್ಬಿಯಂತಿರಲಿಲ್ಲ. ಹಾಗಾಗಿ ಗಾಜಿನಲ್ಲಿ ಕಾಲು ಭಾಗ ಕಂಡರೆ ಟ್ಯಾಂಕಿನಲ್ಲೂ ಕಾಲು ಭಾಗ ಇದೆ ಎಂದರ್ಥವಲ್ಲ. ಇಂಧನ ತುಂಬಿಸುವುದೇ ಎಂದು ಕೇಳಿದ್ದಕ್ಕೆ ಪೈಲಟ್ ಬೇಡವೆಂದರು, ಸುಮಾರು ಒಂದು ಗಂಟೆಯ ಹಾರಾಟ ಅಷ್ಟೇ ಎಂದರು. ತುಂಬಿಸಿಕೊಂಡಿದ್ದರೆ ಆ ಸಂಜೆ ಹಿಡಿಕೆಯ ತಂಟೆಯೇ ಇರುತ್ತಿರಲಿಲ್ಲ.

ಆ ಸಂಜೆ

ಐದು ಗಂಟೆ ದಾಟಿದ ಮೇಲೆ ವಿಮಾನ ಮೇಲೇರಿತು. ಪೈಲಟ್ ಮೂರು ಸಲ ರನ್‌ವೇಗೆ ಚಕ್ರ ತಾಗಿಸಿ ಮತ್ತೆ ಏರುವ ಅಭ್ಯಾಸ ಮಾಡಿದರು. ಹೊಸ ವಿಮಾನದ ಹದ ತಿಳಿಯಲು ಎಲ್ಲರೂ ಮಾಡುವ ಒಳ್ಳೆಯ ಅಭ್ಯಾಸ. ಆದರೆ ಪ್ರತಿ ಏರಿಕೆಗೂ ಎಂಜಿನ್ ಪೂರ್ತಿ ಕುಡಿಯುತ್ತದೆ. ಆ ಮೇಲೆ ಸಮುದ್ರದ ಕಡೆ ತಿರುಗಿ ದಡದ ಉದ್ದಕ್ಕೆ ಹೊರಟರು. ದಡದಲ್ಲಿದ್ದವರು ನೋಡಿದಂತೆ ವಿಮಾನ ಆಗ ಸುಮಾರು 350ರಿಂದ 500 ಅಡಿ ಎತ್ತರದಲ್ಲಿತ್ತು. ಪಟ್ ಎಂಬ ಸದ್ದು ಕೇಳಿತು, ಎಂಜಿನ್ ದನಿ ಕುಗ್ಗಿತು ಎಂದು ಹಲವರು ಹೇಳಿದರು. ವಿಮಾನ ಬಲಕ್ಕೆ ಜೋರಾಗಿ ವಾಲಿ, ಮೂಗು ಕೆಳಗಾಗಿ, ನೀರಿಗೆ ಬಿತ್ತು. ಮೇಲೇರಿ ಸುಮಾರು ಕಾಲು ಗಂಟೆಯಾಗಿತ್ತು. ಪೈಲಟ್ ಒಬ್ಬರೇ ಇದ್ದರು, ಅವರು ಬದುಕುಳಿಯಲಿಲ್ಲ.

ತನಿಖೆಯವರು ಕೂತು ನೋಡಿದ್ದು

ನೀರಿನಿಂದ ಎತ್ತಿದ ತುಂಡುಗಳಲ್ಲಿ ಇಂಧನದ ಕಾಕ್ ಸಿಕ್ಕಿತು. ಅದು ಪೂರ್ತಿ ಒಂದು ಟ್ಯಾಂಕಿಗೂ ತೆರೆದಿರಲಿಲ್ಲ, ಪೂರ್ತಿ ಮುಚ್ಚಿಯೂ ಇರಲಿಲ್ಲ, ನಡುವೆ ಎಲ್ಲೋ ನಿಂತಿತ್ತು. ಯಾರೋ ತಿರುಗಿಸುತ್ತಿದ್ದಾಗ ಕೆಲಸ ಅರ್ಧಕ್ಕೇ ನಿಂತ ಹಾಗೆ.

ತನಿಖೆಯವರು ಇನ್ನೊಂದು ಲಾಂಗ್-ಈಝಿಯಲ್ಲಿ ಕೂತು ಅದೇ ಕೆಲಸ ಮಾಡಿ ನೋಡಿದರು. ಓದುವುದಕ್ಕಿಂತ ಇದನ್ನು ಮೈಯಿಂದಲೇ ತಿಳಿಯುವುದು ಮೇಲು, ನಾನು ಮನೆಯಲ್ಲಿ ಮಾಡಿ ನೋಡಿದ ಮೇಲೇ ನನಗೆ ಅರ್ಥವಾದದ್ದು. ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತುಕೊಳ್ಳಿ, ಪಾದಕ್ಕೆ ತಾಗುವಂತೆ ಎರಡು ದಪ್ಪ ಪುಸ್ತಕ ನಿಲ್ಲಿಸಿ. ಬಲಗೈಯಲ್ಲಿ ಸ್ಟಿಕ್, ಅಂದರೆ ವಿಮಾನ ನಡೆಸುವ ಕೋಲು, ಹಿಡಿದಿದ್ದೀರಿ ಎಂದುಕೊಳ್ಳಿ, ಲಾಂಗ್-ಈಝಿಯ ಸ್ಟಿಕ್ ಬಲಗಡೆಗೇ ಇರುವುದು. ಈಗ ಎಡ ಭುಜದ ಹಿಂದಿರುವ ಏನನ್ನೋ ಹಿಡಿದು ತಿರುಗಿಸಬೇಕು. ಎಡಗೈ ಆ ಕೋನಕ್ಕೆ ಮಣಿಯುವುದಿಲ್ಲ. ಬಲಗೈಯನ್ನೇ ಎದೆಯ ಮೇಲಿಂದ ಆಚೆ ಒಯ್ಯಬೇಕು, ಅದಕ್ಕೆ ಸ್ಟಿಕ್ ಬಿಡಬೇಕು, ಭುಜದ ಬೆಲ್ಟ್ ಸಡಿಲಿಸಬೇಕು, ಸೊಂಟದಿಂದ ಮೇಲೆ ಇಡೀ ಮೈಯನ್ನು ಎಡಕ್ಕೆ ತಿರುಚಬೇಕು. ಹಾಗೆ ತಿರುಚುವಾಗ ನಿಮ್ಮ ಬಲಗಾಲನ್ನು ಗಮನಿಸಿ. ಅದು ಆಧಾರಕ್ಕಾಗಿ ತಾನಾಗಿ ಮುಂದಕ್ಕೆ ಒತ್ತುತ್ತದೆ. ಬಲಗಡೆಯ ಪುಸ್ತಕ ಜಾರುತ್ತದೆ.

ವಿಮಾನದಲ್ಲಿ ಆ ಪುಸ್ತಕದ ಜಾಗದಲ್ಲಿರುವುದು ಬಲ ರಡ್ಡರ್ ಪೆಡಲ್. ತನಿಖೆಯವರ ಕಾಲೂ ಹೀಗೇ ಅದನ್ನು ಒತ್ತಿತು. ಲಾಂಗ್-ಈಝಿಯ ರಡ್ಡರ್‌ಗಳು ರೆಕ್ಕೆಯ ತುದಿಗಳಲ್ಲಿವೆ, ಒಂದೊಂದು ಪೆಡಲ್ ತನ್ನ ಕಡೆಯದನ್ನು ಮಾತ್ರ ಹೊರಕ್ಕೆ ತೆರೆಯುತ್ತದೆ. ಬಲ ಪೆಡಲ್ ಒತ್ತಿದರೆ ಮೂಗು ಬಲಕ್ಕೆ ಹೊರಳುತ್ತದೆ. ರೆಕ್ಕೆಗಳು ಹಿಂದಕ್ಕೆ ಓರೆಯಾಗಿರುವುದರಿಂದ ಎಡ ರೆಕ್ಕೆ ಹೆಚ್ಚು ಎತ್ತುತ್ತದೆ, ಬಲ ರೆಕ್ಕೆ ಕಡಿಮೆ ಎತ್ತುತ್ತದೆ, ವಿಮಾನ ಬಲಕ್ಕೆ ಉರುಳುತ್ತದೆ. ದಡದವರು ಕಂಡದ್ದು ಅದನ್ನೇ. ಸ್ಟಾಲ್ ಆಗದಂತೆ ಅಷ್ಟು ಜಾಣತನದಿಂದ ಮಾಡಿದ ವಿನ್ಯಾಸ ಇಲ್ಲಿ ನೆರವಿಗೆ ಬರಲಿಲ್ಲ, ಏಕೆಂದರೆ ಅಪಾಯ ರೆಕ್ಕೆಯಿಂದ ಬಂದಿರಲಿಲ್ಲ, ಕೂತವರ ಕಾಲಿನಿಂದ ಬಂದಿತ್ತು. 500 ಅಡಿಯಲ್ಲಿ ಹಿಂದಕ್ಕೆ ತಿರುಗಿ ಕೂತವರಿಗೆ ದಿಗಂತ ವಾಲಿದ್ದು ಗೊತ್ತಾಗುವಷ್ಟರಲ್ಲಿ ಸರಿಪಡಿಸಲು ಎತ್ತರ ಉಳಿದಿರುವುದಿಲ್ಲ.

ಮಂಡಳಿ ಕೊಟ್ಟ ತೀರ್ಮಾನವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಹಿಡಿಕೆ ತಿರುಗಿಸಲು ಹೋಗಿ ಪೈಲಟ್‌ನ ಗಮನ ಹಾರಾಟದಿಂದ ಬೇರೆಡೆಗೆ ಹೋದದ್ದು, ಅರಿವಿಲ್ಲದೆ ಬಲ ರಡ್ಡರ್ ಒತ್ತಿದ್ದು, ಹಾರುವ ಮೊದಲು ಇಂಧನ ತುಂಬಿಸದೆ ಸಾಕಷ್ಟು ತಯಾರಿ ಮಾಡಿಕೊಳ್ಳದ್ದು ಇವು ಕಾರಣಗಳು. ಕೈಗೆಟುಕದ ಜಾಗದಲ್ಲಿ ಗುರುತಿಲ್ಲದ ಹಿಡಿಕೆ ಇಟ್ಟ ಕಟ್ಟಿದವರ ನಿರ್ಧಾರ, ಗೆರೆಯಿಲ್ಲದ ಇಂಧನದ ಗಾಜು, ಈ ಮಾದರಿಯ ವಿಮಾನದಲ್ಲಿ ಸಾಲದ ತರಬೇತಿ ಮತ್ತು ಅನುಭವ ಇವು ಪೂರಕ ಅಂಶಗಳು. ಮಂಡಳಿ ಹಾಕಿದ ಈ ಗೆರೆ ಸರಿಯಾಗಿದೆ ಎಂದೇ ನನ್ನ ಭಾವನೆ. ವಿಮಾನ ಹತ್ತುವವರು ಅದರ ಹೊಣೆಯನ್ನೂ ಹೊತ್ತೇ ಹತ್ತುತ್ತಾರೆ. ಆದರೆ ಕಟ್ಟುವ ಕೆಲಸದಲ್ಲಿರುವವರು ಈ ತೀರ್ಮಾನದ ಮೊದಲ ಸಾಲಿಗಿಂತ ಎರಡನೇ ಸಾಲನ್ನು ಹೆಚ್ಚು ಹೊತ್ತು ಓದಬೇಕು. ನಮ್ಮ ಕೈಯಲ್ಲಿರುವುದು ಅದು.

ಕಟ್ಟುವವರ ಕಡೆಯಿಂದ

ಮಾರ್ಪಾಡು ಮಾಡಿದವರ ತಲೆಯಲ್ಲಿ ಅದರ ಪೂರ್ತಿ ಚರಿತ್ರೆ ಇರುತ್ತದೆ. ಏಕೆ ಮಾಡಿದೆ, ಎಲ್ಲಿ ಬಿಗಿ, ಹೇಗೆ ಹಿಡಿದರೆ ಸಲೀಸು, ಯಾವಾಗ ಅದನ್ನು ಮುಟ್ಟಬಾರದು ಎಲ್ಲವೂ. ವಿಮಾನ ಮಾರಿದ ದಿನ ಲೋಹ, ಬಟ್ಟೆ, ರಾಳ, ಎಂಜಿನ್ ಎಲ್ಲ ಹೊಸಬರ ಪಾಲಾಗುತ್ತವೆ, ಈ ಚರಿತ್ರೆ ಮಾತ್ರ ಹಳಬರ ತಲೆಯಲ್ಲೇ ಉಳಿಯುತ್ತದೆ. ಕಾರ್ಖಾನೆಯಿಂದ ಬಂದ ವಿಮಾನದಲ್ಲಿ ಸಾವಿರ ವಿಮಾನದ ಹಿಡಿಕೆ ಒಂದೇ ಕಡೆ ಇರುತ್ತದೆ, ಒಂದರಲ್ಲಿ ಕಲಿತರೆ ಇನ್ನೊಂದರಲ್ಲಿ ಕೈ ತಾನೇ ಹೋಗುತ್ತದೆ. ಮನೆಯಲ್ಲಿ ಕಟ್ಟಿದ್ದು ಪ್ರತಿಯೊಂದೂ ಒಂಟಿ. ಲಾಂಗ್-ಈಝಿ ಗೊತ್ತು ಎಂದರೂ ಈ ಲಾಂಗ್-ಈಝಿ ಗೊತ್ತು ಎಂದಾಗುವುದಿಲ್ಲ.

ಇದು ಒಬ್ಬರ ದುರದೃಷ್ಟ ಮಾತ್ರ ಅಲ್ಲ ಎಂಬುದಕ್ಕೆ ಅದೇ ಮಂಡಳಿ 2012ರಲ್ಲಿ ಹೊರತಂದ ಅಧ್ಯಯನ ಸಾಕ್ಷಿ. 2011ರಲ್ಲಿ ಅಮೆರಿಕದ ಸಾಮಾನ್ಯ ವಿಮಾನಯಾನದ (ಏರ್‌ಲೈನ್ ಮತ್ತು ಸೇನೆಯವನ್ನು ಬಿಟ್ಟು ಉಳಿದ) ವಿಮಾನಗಳಲ್ಲಿ ಹವ್ಯಾಸಿ ನಿರ್ಮಿತವು ಹೆಚ್ಚುಕಡಿಮೆ ಶೇ. 10. ಅಪಘಾತಗಳಲ್ಲಿ ಅವುಗಳ ಪಾಲು ಶೇ. 15, ಸಾವು ಸಂಭವಿಸಿದ ಅಪಘಾತಗಳಲ್ಲಿ ಶೇ. 21. ಅಪಘಾತಕ್ಕೀಡಾದ ಇಂಥ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗಿನ ಮಾಲೀಕರು ತಾವೇ ಕಟ್ಟಿದವಲ್ಲ, ಬೇರೆಯವರಿಂದ ಕೊಂಡವು. ಈ ಕೊನೆಯ ಮಾತು ಓದಿದಾಗ ನನಗೆ ಆ ಹ್ಯಾಂಗರು, ಆ ಇಕ್ಕಳ ಕಣ್ಣ ಮುಂದೆ ಬಂತು.

2014ರಲ್ಲಿ ಎಫ್‌ಎಎ ಇನ್ನೊಂದು ಬಾಗಿಲು ತೆರೆಯಿತು. ಅಲ್ಲಿಯವರೆಗೆ ಪರೀಕ್ಷಾ ಹಾರಾಟದ ಹಂತದಲ್ಲಿ ಪೈಲಟ್ ಒಬ್ಬರೇ ಇರಬೇಕಿತ್ತು. ಈಗ ಆ ಮಾದರಿ ಚೆನ್ನಾಗಿ ಬಲ್ಲ ಅರ್ಹ ಪೈಲಟ್ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಲು ಷರತ್ತಿನ ಮೇಲೆ ಅವಕಾಶವಿದೆ. ಒಳ್ಳೆಯ ಹೆಜ್ಜೆ. ಆದರೆ ಅದು ಹೊಸ ವಿಮಾನದ ಮೊದಲ ಗಂಟೆಗಳಿಗೆ. ಹತ್ತು ವರ್ಷ ಹಳೆಯ ವಿಮಾನ ಕೊಂಡವರಿಗೆ ಅರ್ಧ ಗಂಟೆ ಸಾಕೇ, ಹತ್ತು ಗಂಟೆ ಬೇಕೇ ಎಂಬುದು ಬಹುಮಟ್ಟಿಗೆ ಅವರವರ ವಿವೇಚನೆಗೇ ಉಳಿದಿದೆ. ನಾನಾದರೆ ಹತ್ತು ಎನ್ನುತ್ತೇನೆ. ಅದರಲ್ಲಿ ಮೊದಲ ಗಂಟೆ ಎಂಜಿನ್ ಹಚ್ಚದೆ, ಸುಮ್ಮನೆ ಸೀಟಿನಲ್ಲಿ ಕಳೆಯಬೇಕು.

ನಕ್ಷೆಯಿಂದ ಕದಲಿಸಿದ ಒಂದೊಂದು ವಸ್ತುವಿಗೂ ವಿಮಾನದ ಕೈಪಿಡಿಯಲ್ಲಿ ಒಂದು ಪುಟ ಬರೆದಿಡುವವರಿದ್ದಾರೆ. ನಕ್ಷೆಯಲ್ಲಿ ಎಲ್ಲಿತ್ತು, ಎಲ್ಲಿಗೆ ತಂದೆ, ಏಕೆ ತಂದೆ, ಇದರಿಂದ ಯಾವುದು ಕಷ್ಟವಾಯಿತು. ಕೊನೆಯ ಪ್ರಶ್ನೆಗೆ ‘ಏನೂ ಇಲ್ಲ’ ಎಂದು ಬರೆಯಲು ಕೈ ಹೋದರೆ ಇನ್ನೊಮ್ಮೆ ಯೋಚಿಸಬೇಕು. ನಮ್ಮ ಪ್ರಕರಣದ ಕಟ್ಟಿದವರು ಆ ಪುಟ ಬರೆಯಲು ಕೂತಿದ್ದರೆ, ‘ಟ್ಯಾಂಕ್ ಬದಲಿಸಲು ಸ್ಟಿಕ್ ಬಿಡಬೇಕು, ಬೆಲ್ಟ್ ಸಡಿಲಿಸಬೇಕು’ ಎಂದು ಬರೆಯುವ ಹೊತ್ತಿಗೆ ಪೆನ್ನು ನಿಂತು, ಅವರೇ ಎದ್ದು ಹೋಗಿ ಹಿಡಿಕೆಯನ್ನು ಬಿಚ್ಚುತ್ತಿದ್ದರು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬೆಂಕಿಗೆ ಹೆದರಿ ಅಷ್ಟು ಕಷ್ಟಪಟ್ಟವರು ಇದಕ್ಕೂ ಪಡುತ್ತಿದ್ದರು. ಉದ್ದನೆಯ ಸರಳಿನ ತುದಿಯನ್ನು ಮುಂದಕ್ಕೇ ತಂದಿದ್ದರೂ ಸಾಕಿತ್ತು. ಕಾಕ್ ಹಿಂದೆಯೇ ಇರಬಹುದಿತ್ತು, ಕೊಳವೆಗಳು ಹೊರಗೇ ಇರಬಹುದಿತ್ತು, ಹಿಡಿಕೆ ಮಾತ್ರ ಮಂಡಿಯ ಹತ್ತಿರ.

ವಿಮಾನ ಕಟ್ಟುವವರಲ್ಲಿ ಒಂದು ರೂಢಿ ಇದೆ, ಮುಗಿಯುತ್ತಾ ಬಂದ ಕಾಕ್‌ಪಿಟ್‌ನಲ್ಲಿ ಕಣ್ಣು ಕಟ್ಟಿಕೊಂಡು ಕೂರುವುದು. ನಾನು ಅದಕ್ಕೆ ಎರಡು ಮಾತು ಸೇರಿಸುತ್ತೇನೆ. ಕೂರುವವರು ಕಟ್ಟಿದವರಾಗಿರಬಾರದು, ಬೇರೆ ಎತ್ತರದ, ವಿಮಾನವನ್ನು ಮೊದಲ ಸಲ ನೋಡುತ್ತಿರುವ ಯಾರಾದರೂ ಆಗಬೇಕು. ಬೆಲ್ಟುಗಳನ್ನು ಹಾರುವಾಗ ಎಷ್ಟು ಬಿಗಿಯುತ್ತೇವೋ ಅಷ್ಟೇ ಬಿಗಿದಿರಬೇಕು. ಕಟ್ಟಿದವರು ಪಕ್ಕದಲ್ಲಿ ನಿಂತು, ಪೆಡಲ್‌ಗಳ ಮೇಲೆ ಕಣ್ಣಿಟ್ಟು, ‘ಎಡ ಟ್ಯಾಂಕ್’ ಎನ್ನುತ್ತಾರೆ. ಕೂತವರ ಒಂದು ಕೈ ಸ್ಟಿಕ್ ಮೇಲೆ, ಇನ್ನೊಂದು ಕೈ ತಡಕುತ್ತಾ ಹೋಗುತ್ತದೆ, ಹಿಡಿಕೆ ಸಿಗುತ್ತದೆ, ಟಕ್ ಎಂದು ತಿರುಗುತ್ತದೆ. ‘ಬಲ ಟ್ಯಾಂಕ್.’ ಮತ್ತೆ ಟಕ್. ಪೆಡಲ್ ಅಲುಗಿದರೆ ಕಟ್ಟಿದವರು ಸ್ಪ್ಯಾನರ್ ತರಲು ಹೋಗುತ್ತಾರೆ, ಅಲುಗದಿದ್ದರೆ ಮುಂದಿನ ಹೆಸರು ಕೂಗುತ್ತಾರೆ.